ಸಸ್ಯಗಳ ಆಲ್ಕಲಾಯ್ಡುಗಳು: ವಿಷ, ಔಷಧ ಮತ್ತು ಉಳಿವಿನ ಪ್ರಶ್ನೆ

ಪೀಠಿಕೆ

ಮಲೆನಾಡಿನ ಅಂಚಿನ ಯಾವುದೇ ಹಳ್ಳಿಯಲ್ಲಿ ಒಂದು ಸುತ್ತು ಹಾಕಿದರೆ ಬೇಲಿಯ ಸಾಲಿನಲ್ಲಿ ಆಡುಸೋಗೆ, ತಿಪ್ಪೆಯ ಬದಿಯಲ್ಲಿ ದತ್ತೂರಿ, ಅಂಗಳದಲ್ಲಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪ, ತೋಟದ ಅಡಿಕೆ ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಕಾಡಿನ ಅಂಚಿನಲ್ಲಿ ಕಾಸರಕದ ಮರ ಕಣ್ಣಿಗೆ ಬೀಳುತ್ತವೆ. ಕುಲ, ಗೋತ್ರ, ರೂಪಗಳಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಈ ಸಸ್ಯಗಳನ್ನು ಒಂದೇ ಸೂತ್ರದಲ್ಲಿ ಕಟ್ಟುವ ಸಂಗತಿಯೊಂದಿದೆ. ಇವೆಲ್ಲವೂ ತಮ್ಮ ಎಲೆ, ಬೇರು, ಬೀಜ ಅಥವಾ ಕಾಯಿಯಲ್ಲಿ ಆಲ್ಕಲಾಯ್ಡ್ ಎಂಬ ವರ್ಗದ ರಾಸಾಯನಿಕಗಳನ್ನು ಕೂಡಿಟ್ಟುಕೊಂಡಿವೆ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಮಾತಿದೆ. ಆದರೆ ಆಡುಸೋಗೆಯನ್ನು ಆಡು ಕೂಡ ಮೂಸಿ ನೋಡಿ ಬಿಟ್ಟುಬಿಡುತ್ತದೆ. ಅದರ ಕಹಿಗೆ ಕಾರಣವಾದ ವ್ಯಾಸಿಸಿನ್ ಒಂದು ಆಲ್ಕಲಾಯ್ಡ್. ಅದೇ ವ್ಯಾಸಿಸಿನ್ನಿನ ರಚನೆಯನ್ನು ಆಧರಿಸಿ ರೂಪಿಸಿದ ಬ್ರೋಮ್‌ಹೆಕ್ಸಿನ್ ಮತ್ತು ಆಂಬ್ರೊಕ್ಸಾಲ್‌ಗಳು ಇಂದು ಕೆಮ್ಮು ಹಾಗೂ ಕಫದ ಔಷಧಗಳಾಗಿ ಎಲ್ಲ ಅಂಗಡಿಗಳಲ್ಲೂ ದೊರೆಯುತ್ತವೆ.

ಪ್ರಾಣಿ ದೂರವಿಡುವ ವಸ್ತುವನ್ನು ಮನುಷ್ಯ ಮದ್ದಾಗಿ ಸ್ವೀಕರಿಸಿದ್ದು ಹೇಗೆ, ಆ ಪರಿವರ್ತನೆಗೆ ಬೇಕಾದ ವಿಜ್ಞಾನ ಯಾವುದು, ಅದಕ್ಕೆ ಸಸ್ಯಗಳು ತೆರುತ್ತಿರುವ ಬೆಲೆ ಏನು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಆಲ್ಕಲಾಯ್ಡ್ ಎಂದರೇನು?

ಅಣುವಿನಲ್ಲಿ ನೈಟ್ರೊಜನ್ ಪರಮಾಣುವನ್ನು, ಬಹುಮಟ್ಟಿಗೆ ಉಂಗುರಾಕಾರದ ರಚನೆಯೊಳಗೆ, ಹೊಂದಿರುವ ಸಾವಯವ ಸಂಯುಕ್ತಗಳನ್ನು ಆಲ್ಕಲಾಯ್ಡುಗಳೆಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಪ್ರತ್ಯಾಮ್ಲೀಯ ಗುಣವುಳ್ಳವು. ಎಂದರೆ, ಕ್ಷಾರಗಳಂತೆ ಆಮ್ಲದೊಡನೆ ವರ್ತಿಸಿ ಲವಣಗಳಾಗುತ್ತವೆ. ಜರ್ಮನಿಯ ಔಷಧ ತಯಾರಕ ಕಾರ್ಲ್ ಮೈಸ್ನರ್ 1819ರಲ್ಲಿ ಕ್ಷಾರದಂಥದ್ದು ಎಂಬ ಅರ್ಥದಲ್ಲಿ ಈ ಹೆಸರನ್ನು ಬಳಕೆಗೆ ತಂದ. ಕಹಿರುಚಿ ಇವುಗಳ ಸಾಮಾನ್ಯ ಲಕ್ಷಣ. ಈವರೆಗೆ ಗುರುತಿಸಲಾದ ಆಲ್ಕಲಾಯ್ಡುಗಳ ಸಂಖ್ಯೆ 12,000ವನ್ನು ಮೀರಿದ್ದು, ಹೂ ಬಿಡುವ ಸಸ್ಯಗಳಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಇವನ್ನು ತಯಾರಿಸುತ್ತವೆ.

ಸಸ್ಯಗಳು ಇವನ್ನು ರೂಪಿಸುವುದು ಪ್ರೋಟೀನಿನ ಘಟಕಗಳಾದ ಅಮೈನೊ ಆಮ್ಲಗಳಿಂದ. ಟ್ರಿಪ್ಟೊಫ್ಯಾನಿನಿಂದ ಸರ್ಪಗಂಧದ ರೆಸರ್ಪಿನ್ ಹುಟ್ಟಿದರೆ, ಟೈರೊಸಿನ್‌ನಿಂದ ಅಫೀಮಿನ ಮಾರ್ಫಿನ್ ಹುಟ್ಟುತ್ತದೆ. ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವ ಬೇಕಾಗುವ ಈ ದೀರ್ಘ ಸಂಶ್ಲೇಷಣೆಗೆ ಸಸ್ಯ ಸಾಕಷ್ಟು ಶಕ್ತಿಯನ್ನೂ ಅಮೂಲ್ಯವಾದ ನೈಟ್ರೊಜನ್ನನ್ನೂ ವ್ಯಯಿಸುತ್ತದೆ. ಬೆಳವಣಿಗೆಗೆ ನೇರವಾಗಿ ನೆರವಾಗದ ಈ ವಸ್ತುಗಳನ್ನು ಒಂದು ಕಾಲದಲ್ಲಿ ಸಸ್ಯದ ತ್ಯಾಜ್ಯಗಳೆಂದು ಭಾವಿಸಲಾಗಿತ್ತು. ಆ ಅಭಿಪ್ರಾಯ ಈಗ ಉಳಿದಿಲ್ಲ. ಓಡಲಾರದ, ಕಾದಾಡಲಾರದ ಸಸ್ಯಕ್ಕೆ ಇವು ರಕ್ಷಣೆಯ ಆಯುಧಗಳು. ಎಲೆಯನ್ನು ಮೇಯುವ ಕೀಟ ಹಾಗೂ ಪ್ರಾಣಿಗಳ ನರವ್ಯೂಹವನ್ನು, ಕೋಶವಿಭಜನೆಯನ್ನು ಕೆಡಿಸುವಂತೆ ಅವು ರೂಪುಗೊಂಡಿವೆ. ಆಲ್ಕಲಾಯ್ಡುಗಳು ಮನುಷ್ಯನ ಶರೀರದ ಮೇಲೆ ಇಷ್ಟು ತೀವ್ರವಾದ ಪರಿಣಾಮ ಬೀರಲು ಕಾರಣವೂ ಇಲ್ಲಿಯೇ ಇದೆ. ಕೀಟದ ನರಕೋಶಕ್ಕೂ ಮನುಷ್ಯನ ನರಕೋಶಕ್ಕೂ ಮೂಲ ವ್ಯವಸ್ಥೆ ಬಹುಪಾಲು ಒಂದೇ. ಒಂದರ ಬೀಗಕ್ಕೆ ಮಾಡಿದ ಕೀಲಿಕೈ ಇನ್ನೊಂದರ ಬೀಗವನ್ನೂ ತೆರೆಯಬಲ್ಲದು.

ಕಷಾಯದಿಂದ ಹರಳಿನೆಡೆಗೆ

ಆಲ್ಕಲಾಯ್ಡುಗಳ ಬಳಕೆ ಅತಿ ಪ್ರಾಚೀನ. ಅವುಗಳ ವಿಜ್ಞಾನಕ್ಕೆ ಮಾತ್ರ ಇನ್ನೂರು ವರ್ಷಗಳಿಗೆ ತುಸು ಹೆಚ್ಚಿನ ವಯಸ್ಸು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೆಡ್ರಿಕ್ ಸೆರ್ಟ್ಯೂರ್ನರ್ ಅಫೀಮಿನಿಂದ ನಿದ್ರೆ ತರಿಸುವ ಅಂಶವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ ಅದಕ್ಕೆ ಗ್ರೀಕರ ಸ್ವಪ್ನದೇವತೆಯ ಹೆಸರನ್ನಿಟ್ಟ. ಅದೇ ಮಾರ್ಫಿನ್. 1820ರಲ್ಲಿ ಪ್ಯಾರಿಸ್ಸಿನ ಪೆಲೆಟ್ಯೇ ಮತ್ತು ಕವಾಂಟು ಅವರು ಸಿಂಕೋನ ತೊಗಟೆಯಿಂದ ಮಲೇರಿಯಕ್ಕೆ ಮದ್ದಾದ ಕ್ವಿನೈನನ್ನು ಪಡೆದರು. ಅದಕ್ಕೂ ಎರಡು ವರ್ಷ ಮೊದಲು ಅವರು ಸ್ಟ್ರಿಕ್ನಿನ್ನನ್ನು ಬೇರ್ಪಡಿಸಿದ್ದರು. ಕಾಸರಕದ ಬೀಜವನ್ನು ಘೋರ ವಿಷವನ್ನಾಗಿಸಿರುವುದು ಈ ವಸ್ತುವೇ.

ಈ ಸಾಧನೆಗಳ ಮಹತ್ವ ಹೊಸ ಮದ್ದನ್ನು ಕಂಡುಹಿಡಿದುದರಲ್ಲಿಲ್ಲ. ಅಫೀಮು, ಸಿಂಕೋನ ತೊಗಟೆ ಎರಡೂ ಆಗಲೇ ಬಳಕೆಯಲ್ಲಿದ್ದವು. ಆದರೆ ಒಂದು ಗಿಡದಲ್ಲಿರುವಷ್ಟು ಸಾರ ಇನ್ನೊಂದರಲ್ಲಿರುವುದಿಲ್ಲ. ಮಣ್ಣು, ಋತು, ಗಿಡದ ವಯಸ್ಸು, ಒಣಗಿಸಿದ ಕ್ರಮ ಇವೆಲ್ಲವುಗಳಿಂದ ಅದು ವ್ಯತ್ಯಾಸಗೊಳ್ಳುತ್ತದೆ. ಒಂದು ಚಿಟಿಕೆ ತೊಗಟೆಪುಡಿ ಒಬ್ಬನಿಗೆ ಸಾಲದೆ, ಇನ್ನೊಬ್ಬನಿಗೆ ಹೆಚ್ಚಾಗಬಹುದು. ಶುದ್ಧ ಹರಳು ಕೈಗೆ ಬಂದ ಮೇಲೆ ವೈದ್ಯನಿಗೆ ಮೊದಲ ಬಾರಿಗೆ ಖಚಿತ ಪ್ರಮಾಣ ದೊರೆಯಿತು. ವಿಷಕ್ಕೂ ಔಷಧಕ್ಕೂ ನಡುವಿನ ಗೆರೆ ಪ್ರಮಾಣದ ಗೆರೆಯೇ ಆದುದರಿಂದ, ಆಧುನಿಕ ಔಷಧಶಾಸ್ತ್ರ ಆರಂಭವಾದದ್ದೇ ಇಲ್ಲಿಂದ ಎಂದರೆ ತಪ್ಪಾಗಲಾರದು.

ವಿಷವೇ ವಿಷಕ್ಕೆ ಮದ್ದಾಗುವುದಕ್ಕೆ ದತ್ತೂರಿಯ ಕುಟುಂಬದ ಅಟ್ರೊಪಿನ್ ಒಂದು ನಿದರ್ಶನ. ನರತುದಿಗಳು ಸ್ರವಿಸುವ ಅಸಿಟೈಲ್‌ಕೋಲಿನ್ ಎಂಬ ವಾಹಕದ ಗ್ರಾಹಕಗಳಿಗೆ ಅಟ್ರೊಪಿನ್ ಅಡ್ಡ ನಿಲ್ಲುತ್ತದೆ. ಆರೋಗ್ಯವಂತನಲ್ಲಿ ಇದರಿಂದ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಪ್ರಮಾಣ ಹೆಚ್ಚಿದರೆ ಬುದ್ಧಿಭ್ರಮಣೆಯಾಗುತ್ತದೆ. ಆದರೆ ಆರ್ಗ್ಯಾನೊಫಾಸ್ಫೇಟ್ ಕೀಟನಾಶಕ ಶರೀರ ಸೇರಿದವನಲ್ಲಿ ಅಸಿಟೈಲ್‌ಕೋಲಿನ್ ವಿಪರೀತ ಶೇಖರವಾಗಿ ಶ್ವಾಸಕೋಶಗಳಲ್ಲಿ ನೀರು ತುಂಬುತ್ತದೆ, ನಾಡಿ ಕುಸಿಯುತ್ತದೆ. ಅಂಥವನಿಗೆ ಅಟ್ರೊಪಿನ್ ಜೀವರಕ್ಷಕ. ತಾಲ್ಲೂಕು ಆಸ್ಪತ್ರೆಗಳ ತುರ್ತು ಘಟಕಗಳಲ್ಲಿ ಈ ಚುಚ್ಚುಮದ್ದು ಅನಿವಾರ್ಯವಾಗಿರುವುದು ಈ ಕಾರಣದಿಂದಲೇ.

ಸರ್ಪಗಂಧ: ಬೇರಿನಿಂದ ಮಿದುಳಿನವರೆಗೆ

ಭಾರತದ ಸಸ್ಯವೊಂದು ಜಾಗತಿಕ ವೈದ್ಯವಿಜ್ಞಾನದ ದಿಕ್ಕನ್ನೇ ಬದಲಿಸಿದ ಉದಾಹರಣೆ ಸರ್ಪಗಂಧ. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಉಳ್ಳ ಈ ಪುಟ್ಟ ಗಿಡ ಪಶ್ಚಿಮ ಘಟ್ಟಗಳ ತೇವಭರಿತ ಕಾಡುಗಳಲ್ಲಿಯೂ ಬೆಳೆಯುತ್ತದೆ. ಹಾವಿನ ಕಡಿತಕ್ಕೂ ಉನ್ಮಾದಕ್ಕೂ ಇದರ ಬೇರನ್ನು ಪರಂಪರಾಗತವಾಗಿ ಬಳಸಲಾಗುತ್ತಿತ್ತು. 1931ರಲ್ಲಿ ಎರಡು ಮಹತ್ವದ ಕೆಲಸಗಳು ನಡೆದವು. ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ಗೌರವಾರ್ಥ ಅಜ್ಮಲಿನ್ ಎಂದು ಹೆಸರಿಟ್ಟರು. ಕಲ್ಕತ್ತೆಯಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಈ ಬೇರು ಉನ್ಮಾದವನ್ನಷ್ಟೇ ಅಲ್ಲ, ರಕ್ತದೊತ್ತಡವನ್ನೂ ತಗ್ಗಿಸುತ್ತದೆಂದು ವರದಿ ಮಾಡಿದರು.

ಈ ವರದಿಗಳು ಪಾಶ್ಚಾತ್ಯ ವೈದ್ಯರ ಗಮನ ಸೆಳೆಯಲು ಇನ್ನೂ ಹದಿನೆಂಟು ವರ್ಷ ಬೇಕಾಯಿತು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ 50 ರೋಗಿಗಳ ಮೇಲಿನ ಫಲಿತಾಂಶಗಳನ್ನು ಪ್ರಕಟಿಸಿದರು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಸಂಸ್ಥೆಯ ವಿಜ್ಞಾನಿಗಳು ಬೇರಿನ ಮುಖ್ಯ ಕ್ರಿಯಾಶೀಲ ಅಂಶವಾದ ರೆಸರ್ಪಿನ್ನನ್ನು ಬೇರ್ಪಡಿಸಿದರು. 1956ರಲ್ಲಿ ರಾಬರ್ಟ್ ವುಡ್‌ವರ್ಡ್ ಅದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ ರಸಾಯನಶಾಸ್ತ್ರಜ್ಞರನ್ನು ಬೆರಗುಗೊಳಿಸಿದರು.

ರೆಸರ್ಪಿನ್ನಿನ ನಿಜವಾದ ಕೊಡುಗೆ ರಕ್ತದೊತ್ತಡದ ಚಿಕಿತ್ಸೆಗಿಂತ ವ್ಯಾಪಕವಾದುದು. ನರಕೋಶಗಳು ತಮ್ಮ ಸಂದೇಶವಾಹಕಗಳಾದ ನಾರ್‌ಅಡ್ರಿನಲಿನ್, ಸೆರೊಟೊನಿನ್, ಡೋಪಮೀನ್‌ಗಳನ್ನು ಸಣ್ಣ ಕೋಶಿಕೆಗಳಲ್ಲಿ ತುಂಬಿಡುತ್ತವೆ. ರೆಸರ್ಪಿನ್ ಹೀಗೆ ತುಂಬುವ ಕ್ರಿಯೆಯನ್ನು ತಡೆಯುತ್ತದೆ, ಉಗ್ರಾಣ ಬರಿದಾಗುತ್ತದೆ. 1950ರ ದಶಕದ ಉತ್ತರಾರ್ಧದಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ರೆಸರ್ಪಿನ್ ಕೊಟ್ಟು ಜಡಗೊಳಿಸಿದ ಮೊಲಗಳಿಗೆ ಎಲ್-ಡೋಪಾ ಚುಚ್ಚಿದಾಗ ಅವು ಮತ್ತೆ ಚಲಿಸತೊಡಗಿದವು. ಡೋಪಮೀನ್ ಮಿದುಳಿನ ಸ್ವತಂತ್ರ ಸಂದೇಶವಾಹಕವೆಂಬ ಅರಿವಿಗೂ, ಪಾರ್ಕಿನ್ಸನ್ ಕಾಯಿಲೆಗೆ ಎಲ್-ಡೋಪಾ ಚಿಕಿತ್ಸೆಗೂ ದಾರಿಯಾದದ್ದು ಈ ಪ್ರಯೋಗ. ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು. ಖಿನ್ನತೆಯಂಥ ಪಾರ್ಶ್ವಪರಿಣಾಮಗಳ ಆತಂಕ ಮತ್ತು ಉತ್ತಮ ಔಷಧಗಳ ಆಗಮನದಿಂದ ರೆಸರ್ಪಿನ್ ಬಳಕೆ ಇಂದು ಬಹಳ ಕುಗ್ಗಿದೆ. ಔಷಧವಾಗಿ ಹಿಂದೆ ಸರಿದರೂ ಮಿದುಳನ್ನು ಅರಿಯುವ ಸಾಧನವಾಗಿ ಅದು ಉಳಿಸಿಹೋದ ಜ್ಞಾನ ಶಾಶ್ವತವಾದುದು.

ನಿತ್ಯಪುಷ್ಪ: ನಿರೀಕ್ಷಿಸದ ಫಲ

ಮಡಗಾಸ್ಕರ್ ಮೂಲದ ನಿತ್ಯಪುಷ್ಪವನ್ನು ಹಲವು ದೇಶಗಳಲ್ಲಿ ಮಧುಮೇಹಕ್ಕೆ ಮನೆಮದ್ದಾಗಿ ಬಳಸುತ್ತಿದ್ದರು. 1952ರಲ್ಲಿ ಜಮೈಕಾದಿಂದ ಬಂದ ಎಲೆಗಳನ್ನು ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಪರೀಕ್ಷೆಗೆ ಒಳಪಡಿಸಿದರು. ಇಲಿಗಳ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಾಗಿ, ಸಾರವನ್ನು ಚುಚ್ಚಿಸಿಕೊಂಡ ಇಲಿಗಳು ಸೋಂಕಿನಿಂದ ಸಾಯತೊಡಗಿದವು. ಅವುಗಳ ರಕ್ತದಲ್ಲಿ ಬಿಳಿಯ ಕಣಗಳು ತೀವ್ರವಾಗಿ ಕುಸಿದಿದ್ದವು. ವಿಫಲವೆಂದು ಬದಿಗಿಡಬಹುದಾಗಿದ್ದ ಈ ಪ್ರಯೋಗದಲ್ಲಿ ಅವರು ಬೇರೊಂದು ಸಾಧ್ಯತೆಯನ್ನು ಕಂಡರು. ಬಿಳಿಯ ಕಣಗಳು ಅತಿಯಾಗಿ ಬೆಳೆಯುವ ರಕ್ತಕ್ಯಾನ್ಸರಿಗೆ ಇದೇ ಮದ್ದಾಗಬಾರದೇಕೆ? ಈ ಪ್ರಶ್ನೆಯಿಂದ ವಿನ್‌ಬ್ಲಾಸ್ಟಿನ್ ದೊರೆಯಿತು. ಅಮೆರಿಕದ ಎಲೈ ಲಿಲ್ಲಿ ಸಂಸ್ಥೆಯಲ್ಲಿ ಗಾರ್ಡನ್ ಸ್ವೊಬೊಡ ಅವರ ತಂಡ ಸ್ವತಂತ್ರವಾಗಿ ಇದೇ ಗಿಡದ ಬೆನ್ನು ಹತ್ತಿ ವಿನ್‌ಕ್ರಿಸ್ಟಿನ್ನನ್ನು ಪಡೆಯಿತು. ಅದು 1963ರಲ್ಲಿ ಚಿಕಿತ್ಸೆಗೆ ಅನುಮತಿ ಪಡೆಯಿತು.

ಕೋಶ ವಿಭಜನೆಯಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಎಳೆಯುವ ಸೂಕ್ಷ್ಮನಾಳಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆಗಿವೆ. ಈ ಆಲ್ಕಲಾಯ್ಡುಗಳು ಟ್ಯೂಬುಲಿನ್‌ಗೆ ಅಂಟಿಕೊಂಡು ನಾಳಗಳು ಕಟ್ಟಿಕೊಳ್ಳದಂತೆ ತಡೆಯುತ್ತವೆ. ವಿಭಜನೆ ಅರ್ಧದಲ್ಲಿ ನಿಂತು ಕೋಶ ಸಾಯುತ್ತದೆ. ಮಕ್ಕಳ ತೀವ್ರ ಲಿಂಫಾಯ್ಡ್ ರಕ್ತಕ್ಯಾನ್ಸರಿನ ಸಂಯುಕ್ತ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಇಂದಿಗೂ ಅಡಿಗಲ್ಲು. ಹಾಡ್ಜ್‌ಕಿನ್ ಲಿಂಫೋಮದಲ್ಲಿ ವಿನ್‌ಬ್ಲಾಸ್ಟಿನ್‌ಗೆ ಅಂಥದೇ ಸ್ಥಾನವಿದೆ. ಆದರೆ ಗಿಡದಲ್ಲಿ ಇವುಗಳ ಪ್ರಮಾಣ ಅತ್ಯಲ್ಪ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕೆಂಬುದು ಅಂದಾಜು. ನಿತ್ಯಪುಷ್ಪ ಎಲ್ಲಿ ಬೇಕಾದರೂ ಬೆಳೆಯುವ, ವರ್ಷದೊಳಗೆ ಕೊಯ್ಲಿಗೆ ಬರುವ ಗಿಡವಾದ್ದರಿಂದ ಈ ಬೇಡಿಕೆಯನ್ನು ತಾಳಿಕೊಂಡಿತು. ಎಲ್ಲ ಸಸ್ಯಗಳಿಗೂ ಆ ಭಾಗ್ಯವಿಲ್ಲ.

ದುರ್ವಾಸನೆ ಮರ: ಘಟ್ಟದ ಔಷಧ, ಘಟ್ಟದ ಸಂಕಟ

1966ರಲ್ಲಿ ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದಲ್ಲಿ ಜನಿಸಿದ ಮನಸುಖ್ ವಾನಿ ಚೀನಾ ಮೂಲದ ಕ್ಯಾಂಪ್ಟೊತೀಕ ಮರದಿಂದ ಕ್ಯಾಂಪ್ಟೊಥೆಸಿನ್ ಎಂಬ ಆಲ್ಕಲಾಯ್ಡನ್ನು ಬೇರ್ಪಡಿಸಿದರು. ಕ್ಯಾನ್ಸರ್ ಕೋಶಗಳ ಮೇಲೆ ಅದರ ಪರಿಣಾಮ ಪ್ರಬಲವಾಗಿತ್ತು. ಆದರೆ ಅದು ನೀರಿನಲ್ಲಿ ಕರಗುತ್ತಿರಲಿಲ್ಲ. ಕರಗಿಸುವ ಉದ್ದೇಶದಿಂದ ಸೋಡಿಯಂ ಲವಣವಾಗಿ ಪರಿವರ್ತಿಸಿದಾಗ ಅಣುವಿನ ಒಂದು ಮುಖ್ಯ ಉಂಗುರ ತೆರೆದುಕೊಂಡು ಗುಣ ಕುಂದಿತು. ಮೂತ್ರಕೋಶದ ರಕ್ತಸ್ರಾವ ಮತ್ತು ಅಸ್ಥಿಮಜ್ಜೆಯ ಹಾನಿ ಕಾಣಿಸಿಕೊಂಡವು. 1970ರ ದಶಕದ ಆರಂಭದ ಮಾನವ ಪ್ರಯೋಗಗಳು ಅಲ್ಲಿಗೆ ನಿಂತವು.

ಇದೇ ಅವಧಿಯಲ್ಲಿ, 1972ರಲ್ಲಿ, ಟಿ.ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ಅವರು ಪಶ್ಚಿಮ ಘಟ್ಟಗಳ ಒಂದು ಸಣ್ಣ ಮರದಲ್ಲಿ ಕ್ಯಾಂಪ್ಟೊಥೆಸಿನ್ ಹೇರಳವಾಗಿರುವುದನ್ನು ತೋರಿಸಿದರು. ಆಗ ಮಾಪಿಯ ಫೀಟಿಡ ಎಂದೂ ಈಗ ನೋತಪೊಡೈಟಿಸ್ ನಿಮ್ಮೋನಿಯಾನ ಎಂದೂ ಕರೆಯಲಾಗುವ ಇದಕ್ಕೆ ಹೂವಿನ ಕೆಟ್ಟ ವಾಸನೆಯಿಂದಾಗಿ ಕನ್ನಡದಲ್ಲಿ ದುರ್ವಾಸನೆ ಮರ ಎಂಬ ಹೆಸರು ಬಂದಿದೆ. ಮರಗೆಲಸಕ್ಕೆ ಬಾರದ ಈ ಮರವನ್ನು ಅದುವರೆಗೆ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ.

1985ರಲ್ಲಿ ಅಮೆರಿಕದ ಲೀರಾಯ್ ಲಿಯು ಅವರ ತಂಡ ಕ್ಯಾಂಪ್ಟೊಥೆಸಿನ್ ಕೆಲಸ ಮಾಡುವ ಬಗೆಯನ್ನು ಕಂಡುಕೊಂಡಿತು. ಡಿಎನ್‌ಎ ನಕಲಾಗುವಾಗ ಅದರ ಹುರಿ ಬಿಗಿಯಾಗುತ್ತ ಹೋಗುತ್ತದೆ. ಟೋಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆಯನ್ನು ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಈ ಕಿಣ್ವವನ್ನು ಕತ್ತರಿಸಿದ ಸ್ಥಿತಿಯಲ್ಲೇ ಹಿಡಿದು ನಿಲ್ಲಿಸುತ್ತದೆ. ನಕಲು ಮಾಡುವ ಯಂತ್ರ ಆ ತಡೆಗೆ ಡಿಕ್ಕಿ ಹೊಡೆದಾಗ ಡಿಎನ್‌ಎ ಮುರಿಯುತ್ತದೆ. ವೇಗವಾಗಿ ವಿಭಜಿಸುವ ಕ್ಯಾನ್ಸರ್ ಕೋಶಗಳಿಗೆ ಇದು ಮಾರಕ. ಗುರಿ ತಿಳಿದ ಮೇಲೆ ಅಣುವನ್ನು ತಿದ್ದುವುದು ಸಾಧ್ಯವಾಯಿತು. ನೀರಿನಲ್ಲಿ ಕರಗುವ ಟೋಪೊಟೆಕಾನ್ ಮತ್ತು ಇರಿನೊಟೆಕಾನ್ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ಮೊದಲನೆಯದು ಅಂಡಾಶಯದ, ಎರಡನೆಯದು ದೊಡ್ಡ ಕರುಳಿನ ಕ್ಯಾನ್ಸರಿಗೆ. 2019 ಮತ್ತು 2020ರಲ್ಲಿ ಬಂದ ಟ್ರಾಸ್ಟುಜುಮಾಬ್ ಡೆರುಕ್ಸ್‌ಟೆಕಾನ್ ಹಾಗೂ ಸಾಸಿಟುಜುಮಾಬ್ ಗೊವಿಟೆಕಾನ್ ಎಂಬ ಔಷಧಗಳಲ್ಲಿ ಇದೇ ಕುಟುಂಬದ ಅಣುಗಳನ್ನು ಪ್ರತಿಕಾಯಗಳಿಗೆ ಜೋಡಿಸಿ, ಸ್ತನ ಕ್ಯಾನ್ಸರಿನ ಗಡ್ಡೆಗೇ ನೇರವಾಗಿ ತಲುಪಿಸುವ ವ್ಯವಸ್ಥೆ ಮಾಡಲಾಗಿದೆ.

ತನ್ನ ವಿಷ ತನ್ನನ್ನೇ ಏಕೆ ಕೊಲ್ಲುವುದಿಲ್ಲ ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿದೆ. ಕ್ಯಾಂಪ್ಟೊಥೆಸಿನ್ ತಯಾರಿಸುವ ಕೆಲವು ಸಸ್ಯಗಳ ಟೋಪೊಐಸೊಮರೇಸ್ ಕಿಣ್ವದಲ್ಲಿ ಒಂದು ಅಮೈನೊ ಆಮ್ಲ ಬದಲಾಗಿದ್ದು, ಅದರಿಂದ ವಿಷ ಅಂಟಿಕೊಳ್ಳದಂತಾಗಿದೆ ಎಂದು 2008ರಲ್ಲಿ ತಿಳಿದುಬಂದಿತು. ಔಷಧಕ್ಕೆ ಜಗ್ಗದ ಮಾನವ ರಕ್ತಕ್ಯಾನ್ಸರ್ ಕೋಶಗಳಲ್ಲಿಯೂ ಇದೇ ಸ್ಥಾನದಲ್ಲಿ ಇದೇ ಬದಲಾವಣೆ ಕಂಡುಬಂದಿತ್ತು. ಸಸ್ಯ ಯುಗಾಂತರಗಳಲ್ಲಿ ಕಂಡುಕೊಂಡ ಉಪಾಯವನ್ನು ಕ್ಯಾನ್ಸರ್ ಕೋಶ ಅಲ್ಪಾವಧಿಯಲ್ಲಿ ಕಂಡುಕೊಳ್ಳಬಲ್ಲದು ಎಂಬುದು ವೈದ್ಯರಿಗೆ ಎಚ್ಚರಿಕೆಯ ಮಾತೂ ಹೌದು.

ಬೇಡಿಕೆ ಏರಿದಂತೆ ಘಟ್ಟದ ಕಾಡುಗಳಿಂದ ದುರ್ವಾಸನೆ ಮರವನ್ನು ಕಡಿದು ಸಾಗಿಸುವುದು ಹೆಚ್ಚಿತು. ಕಾಂಡ ಮತ್ತು ಬೇರುಗಳಲ್ಲಿ ಸಾರ ಇರುವುದರಿಂದ ಸಂಗ್ರಹವೆಂದರೆ ಮರದ ನಾಶವೆಂದೇ ಅರ್ಥ. ಈ ಬಿಕ್ಕಟ್ಟಿಗೆ ಪರಿಹಾರ ಹುಡುಕುವಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆರ್. ಉಮಾ ಶಂಕರ್ ಮತ್ತು ಅವರ ಸಹವರ್ತಿಗಳ ಸಂಶೋಧನೆ ಗಮನಾರ್ಹವಾದುದು. ಒಂದು ಮರದಿಂದ ಇನ್ನೊಂದಕ್ಕೆ, ಒಂದು ನೆಲೆಯಿಂದ ಇನ್ನೊಂದಕ್ಕೆ ಸಾರದ ಪ್ರಮಾಣ ಬಹಳ ವ್ಯತ್ಯಾಸವಾಗುತ್ತದೆಂದು ಅವರು ತೋರಿಸಿದರು. ಹೆಚ್ಚು ಸಾರವುಳ್ಳ ಮರಗಳನ್ನು ಆರಿಸಿ ಕೃಷಿಗೆ ತರುವ ದಾರಿ ಇದರಿಂದ ತೆರೆಯಿತು. ಹತ್ತಿರದ ಸಂಬಂಧಿಯಾದ ಮಿಕೆಲಿಯ ಡೆಂಟೇಟ ಎಂಬ ಬಳ್ಳಿಯ ಹಣ್ಣಿನಲ್ಲಿ ಒಣತೂಕದ ಶೇ. 1ಕ್ಕೂ ಹೆಚ್ಚು ಕ್ಯಾಂಪ್ಟೊಥೆಸಿನ್ ಇರುವುದನ್ನೂ ಅವರು ಗುರುತಿಸಿದರು. ಹಣ್ಣನ್ನು ಕೊಯ್ದರೆ ಬಳ್ಳಿ ಸಾಯುವುದಿಲ್ಲ ಎಂಬುದು ಇಲ್ಲಿನ ಮುಖ್ಯ ವಿಚಾರ.

ಮರದೊಳಗೆ ವಾಸಿಸುವ ಶಿಲೀಂಧ್ರಗಳಿಂದಲೇ ಔಷಧ ಪಡೆಯುವ ಆಸೆಯೂ ಚಿಗುರಿತ್ತು. ಇಂಥ ಶಿಲೀಂಧ್ರವೊಂದು ಕ್ಯಾಂಪ್ಟೊಥೆಸಿನ್ ತಯಾರಿಸುವುದನ್ನು ಜಮ್ಮುವಿನ ವಿಜ್ಞಾನಿಗಳು 2005ರಲ್ಲಿ ವರದಿ ಮಾಡಿದರು. ಆದರೆ ಮರದಿಂದ ಹೊರತಂದು ಪೀಳಿಗೆಯಿಂದ ಪೀಳಿಗೆಗೆ ಬೆಳೆಸಿದಂತೆ ಶಿಲೀಂಧ್ರಗಳು ಆ ಸಾಮರ್ಥ್ಯವನ್ನು ಕಳೆದುಕೊಳ್ಳುತ್ತವೆಂದು ಬೆಂಗಳೂರಿನ ಅಧ್ಯಯನಗಳು ತೋರಿಸಿದವು. ಮರವಿಲ್ಲದೆ ಮದ್ದು ಪಡೆಯುವ ಸುಲಭ ಮಾರ್ಗ ಇನ್ನೂ ಕೈಗೆಟುಕಿಲ್ಲ.

ಅಡುಗೆಮನೆಯ ಆಲ್ಕಲಾಯ್ಡ್

ಎಲ್ಲ ಆಲ್ಕಲಾಯ್ಡುಗಳೂ ಸ್ವತಃ ರೋಗವನ್ನು ಗುಣಪಡಿಸಬೇಕೆಂದಿಲ್ಲ, ಇನ್ನೊಂದು ವಸ್ತುವಿಗೆ ನೆರವಾಗಲೂಬಹುದು. ಕರಿಮೆಣಸಿನ ಖಾರಕ್ಕೆ ಕಾರಣವಾದ ಪೈಪರಿನ್ ಅಂಥದು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಅರಿಸಿನದ ಆ ಅಂಶ ರಕ್ತಕ್ಕೆ ದೊರೆಯುವ ಪ್ರಮಾಣ ಶೇ. 2,000ದಷ್ಟು ಹೆಚ್ಚಿತು. ಯಕೃತ್ತು ಮತ್ತು ಕರುಳಿನಲ್ಲಿ ಅನ್ಯವಸ್ತುಗಳನ್ನು ವಿಘಟಿಸುವ ಕಿಣ್ವಗಳನ್ನು ಪೈಪರಿನ್ ನಿಧಾನಗೊಳಿಸುವುದೇ ಇದಕ್ಕೆ ಕಾರಣ. ಮೆಣಸು, ಅರಿಸಿನ ಬೆರೆಸಿದ ಮನೆಮದ್ದಿಗೆ ಇದು ಒಂದು ವಿವರಣೆಯಾದೀತು. ಆದರೆ ರಕ್ತದಲ್ಲಿ ಪ್ರಮಾಣ ಹೆಚ್ಚಿತೆಂಬುದು ರೋಗ ಗುಣವಾಯಿತೆಂಬುದಕ್ಕೆ ಸಾಕ್ಷ್ಯವಲ್ಲ. ಇದೇ ಗುಣದಿಂದ ಪೈಪರಿನ್ ಮಾತ್ರೆಗಳು ರೋಗಿ ಸೇವಿಸುವ ಇತರ ಔಷಧಗಳ ಪ್ರಮಾಣವನ್ನೂ ಅಪಾಯಕರವಾಗಿ ಏರಿಸಬಲ್ಲವು.

ಎಚ್ಚರಿಕೆಯ ಅಗತ್ಯ

ಸಸ್ಯಜನ್ಯವಾದದ್ದೆಲ್ಲ ನಿರಪಾಯಕರ ಎಂಬ ಜನಪ್ರಿಯ ನಂಬಿಕೆಗೆ ಆಲ್ಕಲಾಯ್ಡುಗಳೇ ಅತ್ಯುತ್ತಮ ಉತ್ತರ. ಅಗ್ನಿಶಿಖೆಯ ಸುಂದರ ಹೂವಿನ ಕೆಳಗಿರುವ ಗೆಡ್ಡೆಯಲ್ಲಿ ಕಾಲ್ಚಿಸಿನ್ ಇದೆ. ವೈದ್ಯರ ಕೈಯಲ್ಲಿ ಅದು ಗೌಟ್ ಎಂಬ ಕೀಲುನೋವಿಗೆ ಔಷಧ. ಗೆಡ್ಡೆಯನ್ನು ತಪ್ಪಾಗಿ ತಿಂದವರಿಗೆ ಪ್ರಾಣಾಂತಿಕ ವಿಷ. ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ವರ್ಗೀಕರಿಸಿದೆ.

ಆದರೂ ಅಡಿಕೆಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದರ ಮುಖ್ಯ ಆಲ್ಕಲಾಯ್ಡಾದ ಅರಿಕೊಲಿನ್ ಮಿದುಳಿನ ಅಸಿಟೈಲ್‌ಕೋಲಿನ್ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ಅದರ ರಚನೆಯನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಕ್ಸಾನೊಮೆಲಿನ್, ಮಿದುಳಿಗೆ ನೆರವಾದರೂ ಹೊಟ್ಟೆ, ಕರುಳುಗಳಲ್ಲಿ ತೊಂದರೆ ಕೊಡುತ್ತಿತ್ತು. ಆ ತೊಂದರೆಯನ್ನು ತಡೆಯಲು ಅಟ್ರೊಪಿನ್ನಿನ ಬಂಧುವಾದ, ಮಿದುಳಿನೊಳಗೆ ಬಹುಮಟ್ಟಿಗೆ ಪ್ರವೇಶಿಸದ ಟ್ರಾಸ್ಪಿಯಂ ಎಂಬ ವಸ್ತುವನ್ನು ಅದರೊಡನೆ ಸೇರಿಸಲಾಯಿತು. ಈ ಜೋಡಿ ಔಷಧ 2024ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಸ್ಕಿಜೊಫ್ರೇನಿಯ ಚಿಕಿತ್ಸೆಗೆ ಅನುಮತಿ ಪಡೆಯಿತು. ಅಡಿಕೆ ಕಲಿಸಿದ ರಚನೆ ಮತ್ತು ದತ್ತೂರಿಯ ಕುಟುಂಬ ಕಲಿಸಿದ ರಚನೆ ಒಂದೇ ಗುಳಿಗೆಯಲ್ಲಿ ಒಂದರ ದೋಷವನ್ನು ಇನ್ನೊಂದು ನೀಗುತ್ತಿವೆ. ಸಸ್ಯವನ್ನು ಹಾಗೆಯೇ ಸೇವಿಸುವುದಕ್ಕೂ ಸಸ್ಯದಿಂದ ಕಲಿಯುವುದಕ್ಕೂ ಇರುವ ಅಂತರ ಇದು.

ಉಪಸಂಹಾರ

ಮೇಲಿನ ನಿದರ್ಶನಗಳಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಪರಂಪರೆಯ ಜ್ಞಾನ ಯಾವ ಗಿಡವನ್ನು ನೋಡಬೇಕೆಂದು ಸೂಚಿಸಬಲ್ಲದು. ಸರ್ಪಗಂಧದಲ್ಲಿ ಆ ಸೂಚನೆ ನಿಜವಾಯಿತು, ನಿತ್ಯಪುಷ್ಪದಲ್ಲಿ ದಾರಿ ಬೇರೆಡೆಗೆ ತಿರುಗಿತು. ಎರಡೂ ಕಡೆ ಫಲ ದೊರೆತದ್ದು ಪರೀಕ್ಷೆಯಿಂದ. ಸಸ್ಯದ ಅಣು ಅಪರೂಪವಾಗಿ ಮಾತ್ರ ಇದ್ದ ಸ್ಥಿತಿಯಲ್ಲೇ ಅಂತಿಮ ಔಷಧವಾಗುತ್ತದೆ. ಬಹುಪಾಲು ಅದು ರಸಾಯನಶಾಸ್ತ್ರಜ್ಞನಿಗೆ ಮಾದರಿ.

ಪೂರೈಕೆಯ ಪ್ರಶ್ನೆಗೆ ಜೈವಿಕ ತಂತ್ರಜ್ಞಾನ ಹೊಸ ಉತ್ತರಗಳನ್ನು ನೀಡುತ್ತಿದೆ. ನಿತ್ಯಪುಷ್ಪದ ಮೂವತ್ತಕ್ಕೂ ಹೆಚ್ಚು ಹೆಜ್ಜೆಗಳ ಸಂಶ್ಲೇಷಣೆಯನ್ನು ಯೀಸ್ಟ್ ಕೋಶಗಳಿಗೆ ವರ್ಗಾಯಿಸಿ ವಿನ್‌ಬ್ಲಾಸ್ಟಿನ್ನಿನ ಪೂರ್ವರೂಪಗಳನ್ನು ಪಡೆದ ಸಾಧನೆ 2022ರಲ್ಲಿ ಪ್ರಕಟವಾಯಿತು. ಆದರೆ ಯೀಸ್ಟಿಗೆ ಕಲಿಸಬೇಕಾದ ಪಾಠ ಬರೆದಿರುವುದು ಗಿಡದ ವಂಶವಾಹಿಗಳಲ್ಲಿಯೇ. ಗಿಡವೇ ಅಳಿದರೆ ಆ ಪಾಠ ಓದಲು ಸಿಗದು. ಸರ್ಪಗಂಧವಿಂದು ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿದ್ದು ಅದರ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. 2002ರ ಜೀವವೈವಿಧ್ಯ ಕಾಯಿದೆ ಸಂಪನ್ಮೂಲದ ಲಾಭವನ್ನು ಅದನ್ನು ಕಾಪಾಡಿದವರೊಡನೆ ಹಂಚಿಕೊಳ್ಳುವ ತತ್ತ್ವವನ್ನು ಒಪ್ಪಿದೆ. ಈ ತತ್ತ್ವ ಕಾಡಿನಂಚಿನ ಸಂಗ್ರಾಹಕನ ಮನೆಯನ್ನು ತಲುಪಿದಾಗ ಮಾತ್ರ ಮರ ಕಡಿಯುವುದಕ್ಕಿಂತ ಉಳಿಸುವುದು ಅವನಿಗೆ ಲಾಭವೆನಿಸೀತು.

ಮರಗೆಲಸಕ್ಕೆ ಬಾರದ, ವಾಸನೆಯಿಂದ ಹೆಸರು ಕೆಡಿಸಿಕೊಂಡ ಘಟ್ಟದ ಮರವೊಂದು ಕ್ಯಾನ್ಸರ್ ಚಿಕಿತ್ಸೆಯ ಪ್ರಮುಖ ಅಣುವಿನ ಆಕರವೆಂದು 1972ಕ್ಕೆ ಮೊದಲು ಯಾರಿಗೂ ತಿಳಿದಿರಲಿಲ್ಲ. ಇನ್ನೂ ಪರೀಕ್ಷೆಗೆ ಒಳಗಾಗದ ಸಸ್ಯಗಳು ಅದೇ ಕಾಡುಗಳಲ್ಲಿ ಅಸಂಖ್ಯವಾಗಿವೆ. ಅವುಗಳ ಉಪಯೋಗ ತಿಳಿಯುವ ತನಕ ಅವನ್ನು ಉಳಿಸಿಕೊಳ್ಳುವುದು ಔಷಧಸಂಶೋಧನೆಯ ಮೊದಲ ಹೆಜ್ಜೆ.